ಹಿತ್ತಿಲ ಕೋಣೆಯ ಹನ್ನೆರಡು ಹಾಳೆ

ಬೇಲೂರಿನ ತಾಲ್ಲೂಕು ಕಚೇರಿಯ ಗುಮಾಸ್ತ ಅನಂತಸ್ವಾಮಿಯ ಮನೆಯಲ್ಲಿ ಸಂಡಿಗೆಗೂ ಚಿತ್ರಕ್ಕೂ ಜಟಾಪಟಿ ಶುರುವಾದದ್ದು ಅರವತ್ತೊಂದನೇ ಇಸವಿಯ ಬೇಸಿಗೆಯಲ್ಲಿ. ಅವನ ಒಬ್ಬಳೇ ಮಗಳು ರಮಾಮಣಿ ಎಸ್ಸೆಸ್ಸೆಲ್ಸಿ ಪರೀಕ್ಷೆ ಮುಗಿಸಿ ಮನೆಯಲ್ಲಿದ್ದಳು. ಹದಿನಾರು ವರ್ಷದ ಹುಡುಗಿ ಬೇಸಿಗೆಯಲ್ಲಿ ಮನೆಯಲ್ಲಿ ಸಿಕ್ಕಿದಳೆಂದರೆ ಆ ವರ್ಷದ ಹಪ್ಪಳ, ಸಂಡಿಗೆ, ಉಪ್ಪಿನಕಾಯಿ ಎಲ್ಲವೂ ಅವಳ ತಲೆಗೇ ಬಂದು ಕೂರುತ್ತವೆ. ಅದರ ಮೇಲೆ ರಜಕ್ಕೆಂದು ಬಂದ ನೆಂಟರು ಬೇರೆ. ಹೊತ್ತಿಗೆ ಎಂಟು ಎಲೆ ಬೀಳುತ್ತಿದ್ದವು.

ರಮಾ ಕೆಲಸಗಳ್ಳಿಯಲ್ಲ. ಆದರೆ ಅವಳಿಗೆ ಚಿತ್ರ ಕಲಿಯುವ ಹುಚ್ಚು ಹತ್ತಿತ್ತು. ವಾರಪತ್ರಿಕೆಗಳಲ್ಲಿ ಕತೆಯ ಪಕ್ಕ ಚಿತ್ರವಿರುತ್ತದಲ್ಲ, ಅದರ ಮೂಲೆಯಲ್ಲಿ ಸಣ್ಣ ಅಕ್ಷರದಲ್ಲಿ ಬರೆದವರ ಹೆಸರು ಇರುತ್ತದಲ್ಲ, ಅಲ್ಲಿ ತನ್ನ ಹೆಸರು ಇರಬೇಕು ಅನ್ನುವುದು ಅವಳ ಆಸೆ. ಆಸೆಯನ್ನು ಹೈಸ್ಕೂಲಿನ ಡ್ರಾಯಿಂಗ್ ಮೇಷ್ಟರು ಇಂದುಧರ ಒಬ್ಬರಿಗೆ ಹೇಳಿದ್ದಳು. ಅವರು ನಗದೆ ಕೇಳಿಸಿಕೊಂಡು, ಒಂದು ಸಂಜೆ ನೇರ ಮನೆಗೇ ಬಂದು ಜಗಲಿಯ ಮೇಲೆ ಕೂತರು.

"ಸ್ವಾಮಿಗಳೇ, ಮೈಸೂರಿನ ಚಿತ್ರಶಾಲೆಯವರು ಹನ್ನೆರಡು ಹಾಳೆ ಚಿತ್ರ ಕೇಳ್ತಾರೆ. ಜೂನ್ ಹದಿನೈದರೊಳಗೆ ಅಲ್ಲಿ ಮುಟ್ಟಬೇಕು. ಒಪ್ಪಿಗೆಯಾದರೆ ಮೂರು ವರ್ಷ ಕಲಿಸ್ತಾರೆ, ಹೆಣ್ಣುಮಕ್ಕಳಿಗೆ ಫೀಸಿಲ್ಲ. ಆಮೇಲೆ ಪುಸ್ತಕಕ್ಕೆ ಚಿತ್ರ ಬರೀಬಹುದು, ಸೀರೆ ಕಾರ್ಖಾನೆಗೆ ಅಂಚು ಬರೀಬಹುದು. ಏನೂ ಆಗದಿದ್ರೆ ನನ್ನ ಹಾಗೆ ಮೇಷ್ಟರಾಗಬಹುದು."

ಅಮ್ಮನ ಮಾತಿಗೆ ಹೂಂ, ಹೆಂಡತಿಯ ಮಾತಿಗೆ ನೋಡೋಣ, ಮಗಳ ಮಾತಿಗೆ ಅಜ್ಜಿಯನ್ನ ಕೇಳು. ಅನಂತಸ್ವಾಮಿ ಮನೆಯಲ್ಲಿ ಆಡುತ್ತಿದ್ದದ್ದು ಇಷ್ಟೇ. ಆ ದಿನ ಮಾತ್ರ ಒಂದು ಮಾತು ಹೆಚ್ಚಿಗೆ ಆಡಿದ.

"ಮನೆ ಕೆಲಸಕ್ಕೆ ಕುಂದು ಬರಬಾರದು. ಹನ್ನೆರಡೂ ಹಾಳೆ ಮುಗಿಸಿ ತಂದು ತೋರಿಸಲಿ, ಅರ್ಜಿಗೆ ಸಹಿ ಹಾಕ್ತೀನಿ. ಒಂದು ಕಮ್ಮಿಯಾದ್ರೂ ಇಲ್ಲ."

ಅರ್ಜಿಯ ಫಾರಂ ಪಂಚಾಂಗದ ಕೆಳಗೆ ಹೋಗಿ ಕೂತಿತು. ಅನಂತಸ್ವಾಮಿಯ ತಾಯಿ ಸುಂದರಮ್ಮ ಒಳಗಿನಿಂದಲೇ ತಮ್ಮ ಷರತ್ತು ಹೇಳಿದರು. ಸೋಮವಾರ, ಗುರುವಾರ ಬೆಳಿಗ್ಗೆ ಒಂದೊಂದು ಗಂಟೆ ಮಾತ್ರ ಮೇಷ್ಟರ ಮನೆಯಲ್ಲಿ ಪಾಠ. ಮೇಷ್ಟರ ಹೆಂಡತಿ ಗುರುಸಿದ್ದಮ್ಮ ಅಲ್ಲೇ ಕೂತಿರಬೇಕು. ಅವರ ಮನೆಯಲ್ಲಿ ನೀರೂ ಕುಡಿಯಕೂಡದು. ಬಂದ ಕೂಡಲೇ ಬಟ್ಟೆ ಬದಲಾಯಿಸಬೇಕು. ರಮಾ ಎಲ್ಲಕ್ಕೂ ತಲೆಯಾಡಿಸಿದಳು. ಗುರುಸಿದ್ದಮ್ಮನ ಮಜ್ಜಿಗೆಯನ್ನು ಮೊದಲ ದಿನವೇ ಕುಡಿದಳು ಅನ್ನುವುದು ಬೇರೆ ಮಾತು.

ಮೇಷ್ಟರು ಎರಡು ವಾರ ಚೊಂಬು ಬರೆಸಿದರು. ಬರೀ ಚೊಂಬು. ಪೊರಕೆಕಡ್ಡಿಯೊಂದನ್ನು ಕೈಚಾಚಿ ಹಿಡಿದು, ಒಂದು ಕಣ್ಣು ಮುಚ್ಚಿ, ಚೊಂಬಿನ ಬಾಯಿ ಎಷ್ಟು ಅಗಲ, ಹೊಟ್ಟೆ ಎಷ್ಟು ಎತ್ತರ ಎಂದು ಅಳೆಯುವುದು ಕಲಿಸಿದರು. ಮನೆಯಲ್ಲಿ ಅವಳು ಅಡಿಗೆಮನೆಯ ಹೊಸಿಲ ಮೇಲೆ ನಿಂತು ಕಡ್ಡಿ ಹಿಡಿದದ್ದನ್ನು ತಾಯಿ ಚೆಲುವಾಂಬ ನೋಡಿದಳು.

"ಯಾರಿಗೆ ದೃಷ್ಟಿ ತೆಗೀತಿದೀಯೇ?"

"ಚೊಂಬಿಗೆ ಅಮ್ಮ. ಅಳತೆ ನೋಡ್ತಿದೀನಿ."

"ಚೊಂಬಿನ ಅಳತೆ ನನ್ನ ಕೇಳು, ಮುಕ್ಕಾಲು ಸೇರು ಹಿಡಿಯುತ್ತೆ," ಅಂದರು ಸುಂದರಮ್ಮ. "ಹಿತ್ತಲಲ್ಲಿ ಇನ್ನೂ ಒಂಬತ್ತು ಬಿದ್ದಿವೆ. ಹುಣಿಸೆಹಣ್ಣು ಹಚ್ಚಿ ಬೆಳಗು, ಅಳತೆ ತಾನಾಗಿ ತಿಳಿಯುತ್ತೆ."

ಬೆಳಗಿದಳು. ಆಮೇಲೆ ಉದ್ದಿನ ಹಿಟ್ಟು ಕುಟ್ಟಿದಳು, ನೆಂಟರ ಎಲೆ ಎತ್ತಿದಳು, ಗೋಮಯ ಹಚ್ಚಿದಳು. ಸಂಜೆ ಪೆನ್ಸಿಲ್ ಹಿಡಿದರೆ ಬೆರಳು ನಡುಗುತ್ತಿದ್ದವು. ಏಪ್ರಿಲ್ ಅರ್ಧ ಕಳೆದರೂ ಕಳಿಸುವಂಥ ಹಾಳೆ ಒಂದೂ ಆಗಿರಲಿಲ್ಲ.

ಅಷ್ಟರಲ್ಲಿ ತಿಂಗಳ ಮೂರು ದಿನ ಬಂದವು. ಆಗ ಅಂಥ ಮನೆಗಳಲ್ಲಿ ಹೆಂಗಸರು ಆ ಮೂರು ದಿನ ಹೊರಗೆ ಕೂರುತ್ತಿದ್ದರು. ಅನಂತಸ್ವಾಮಿಯ ಮನೆಯಲ್ಲಿ ಅದಕ್ಕೆಂದೇ ಹಿತ್ತಿಲ ಕಡೆ, ಕೊಟ್ಟಿಗೆಯ ಪಕ್ಕ, ಒಂದು ಸಣ್ಣ ಕೋಣೆಯಿತ್ತು. ಬೇರೆ ಚಾಪೆ, ಬೇರೆ ಕಂಬಳಿ, ಬೇರೆ ಲೋಟ. ಊಟ ದೂರದಿಂದ ಬಡಿಸುತ್ತಿದ್ದರು. ಯಾರೂ ಮುಟ್ಟುವಂತಿಲ್ಲ, ಅವಳೂ ಏನೂ ಮುಟ್ಟುವಂತಿಲ್ಲ. ನಾಲ್ಕನೇ ದಿನ ತಲೆಗೆ ನೀರು ಹಾಕಿಕೊಂಡ ಮೇಲೆ ಒಳಗೆ. ರಮಾ ಈ ಕೋಣೆಯನ್ನು ಮೊದಲಿನಿಂದ ಶಪಿಸುತ್ತಿದ್ದವಳು. ಈ ಸಲ ಹಾಳೆಯ ಸುರುಳಿ, ಪೆನ್ಸಿಲ್ಲು, ಬಣ್ಣದ ಡಬ್ಬಿ ಸೆರಗಿನಲ್ಲಿ ಮರೆಮಾಡಿಕೊಂಡು ಹೋಗಿ ಕೂತಳು. ಬೆಳಗಿನಿಂದ ದೀಪ ಹಚ್ಚುವವರೆಗೆ "ರಮಾ" ಎಂದು ಕೂಗುವವರೇ ಇಲ್ಲ. ಮೂರು ದಿನಕ್ಕೆ ಮೂರು ಹಾಳೆಯಾಯಿತು. ಒಡೆದ ತೆಂಗಿನಕಾಯಿ, ಒನಕೆ ಒರಗಿಸಿದ ಗೋಡೆ, ಕೊಟ್ಟಿಗೆಯ ಕರು. ನಾಲ್ಕನೇ ದಿನ ಅವಳು ಮುಟ್ಟಿದ್ದರ ಮೇಲೆಲ್ಲ ಅಜ್ಜಿ ನೀರು ಚಿಮುಕಿಸುತ್ತಾರೆಂದು ಹಾಳೆಗಳನ್ನು ಎಣ್ಣೆಬಟ್ಟೆಯಲ್ಲಿ ಸುತ್ತಿ ಜೋಪಾನ ಮಾಡಿದಳು.

ಇಂದುಧರ ಮೂರನ್ನೂ ಕಿಟಕಿಯ ಬೆಳಕಿಗೆ ಹಿಡಿದು ನೋಡಿದರು.

"ಇದು ಸರಿ. ಹೀಗೇ ಇನ್ನು ಒಂಬತ್ತು. ಎಲ್ಲಿ ಕೂತು ಬರೆದೆ?"

"ಮನೇಲೇ ಸಾರ್," ಅಂದಳು ರಮಾ.

ಆಮೇಲೆ ಹತ್ತು ದಿನ ಪೆನ್ಸಿಲ್ ಮುಟ್ಟಲಾಗಲಿಲ್ಲ. ಮಾವಿನಕಾಯಿ ಬಂತು. ಮೂರು ಜಾಡಿ ಉಪ್ಪಿನಕಾಯಿ, ಒಂದು ಮಡಕೆ ತೊಕ್ಕು. ಕೊನೆಗೆ ಒಂದು ಬೆಳಿಗ್ಗೆ ಅವಳು ಹಿತ್ತಿಲ ಬಾಗಿಲ ಆಚೆ ನಿಂತು, ನೆಲ ನೋಡುತ್ತಾ, "ಅಜ್ಜಿ, ನಾನು ಹೊರಗೆ" ಅಂದುಬಿಟ್ಟಳು. ಸುಳ್ಳು.

"ಹದಿನಾರು ದಿನಕ್ಕೇನಾ?" ಸುಂದರಮ್ಮ ಬೆರಳು ಮಡಿಸಿದರು.

"ಹೂಂ."

"ಉಷ್ಣ. ಬಿಸಿಲಲ್ಲಿ ಮಹಡಿ ಮೇಲೆ ಕೂತು ಸಂಡಿಗೆ ಇಟ್ಟಿದ್ದಕ್ಕೆ," ಎಂದು ಅವರೇ ಕಾರಣವನ್ನೂ ಹೇಳಿದರು. ಮೆಂತ್ಯ ನೆನೆಸಿದ ಮಜ್ಜಿಗೆ ಬಂತು. ಇನ್ನೂ ಮೂರು ಹಾಳೆಯಾಯಿತು.

ಆದರೆ ಹುಡುಗಿ ಒಂದು ಲೆಕ್ಕ ಮರೆತಿದ್ದಳು. ಸುಳ್ಳಿನ ಮೂರು ದಿನ ಕೂತೆದ್ದ ಮಾತ್ರಕ್ಕೆ ನಿಜದ ಮೂರು ದಿನ ತಪ್ಪುವುದಿಲ್ಲ. ಹನ್ನೆರಡು ದಿನಕ್ಕೆ, ತನ್ನ ಹೊತ್ತಿಗೆ ಸರಿಯಾಗಿ, ಅದು ಬಂತು. ಮುಚ್ಚಿಟ್ಟುಕೊಂಡು ಒಳಗೇ ಓಡಾಡಿಕೊಂಡಿರಬಹುದಿತ್ತು. ಅದು ಮಾತ್ರ ಅವಳ ಕೈಲಿ ಆಗಲಿಲ್ಲ. ಒಳಗಿದ್ದು ಹೊರಗೆ ಅನ್ನುವ ಸುಳ್ಳು ಬಾಯಿಗೆ ಬಂದಿತ್ತು, ಹೊರಗಾಗಿದ್ದೂ ದೇವರ ಪಾತ್ರೆ ಮುಟ್ಟುವ ಸುಳ್ಳಿಗೆ ಕೈ ಬರಲಿಲ್ಲ. ಮತ್ತೆ ಬಾಗಿಲಾಚೆ ನಿಂತಳು.

"ಮತ್ತೇನೇ?" ಸುಂದರಮ್ಮನ ಕೈಯಲ್ಲಿದ್ದ ಸೌಟು ಹಾಗೇ ನಿಂತಿತು. ಈ ಸಲ ಉಷ್ಣದ ಮಾತು ಬರಲಿಲ್ಲ. ಮಧ್ಯಾಹ್ನದ ಹೊತ್ತಿಗೆ ಸೂಲಗಿತ್ತಿ ಹುಚ್ಚಮ್ಮನನ್ನು ಕರೆಸಿದರು.

ಹುಚ್ಚಮ್ಮ ಕೋಣೆಯ ಬಾಗಿಲಲ್ಲಿ ಕುಕ್ಕರಗಾಲಲ್ಲಿ ಕೂತು ರಮಾಳ ಕಣ್ಣರೆಪ್ಪೆ ಎಳೆದು ನೋಡಿದಳು.

"ಕಣ್ಣು ಕೆಂಪಗೇ ಐತೆ ಕಣಮ್ಮ. ರಕ್ತ ಕಮ್ಮಿ ಆಗಿಲ್ಲ. ಆದ್ರೂ ನಂಬಂಗಿಲ್ಲ. ಮರದ ಚಕ್ಕೆ ತತ್ತೀನಿ, ಕುದಿಸಿ ಕೊಡಿ. ಹೊತ್ತಿಗೆ ಒಂದು ಲೋಟ, ಹದಿನೈದು ದಿನ."

"ಬಹಳ ಕಹಿಯಾ?" ಎಂದು ರಮಾ ಕೇಳಿದಳು.

"ಬೇವು ಇದರ ಮುಂದೆ ಬೆಲ್ಲ ಕಣವ್ವ," ಅಂದಳು ಹುಚ್ಚಮ್ಮ ಹೆಮ್ಮೆಯಿಂದ.

ಕಷಾಯ ಕುಡಿಯುತ್ತಾ ಎರಡು ಹಾಳೆ ಮುಗಿಸಿದಳು. ಒಟ್ಟು ಎಂಟಾಯಿತು. ಜಾವಗಲ್ಲಿನಿಂದ ಬಂದಿದ್ದ ಒಂದು ಜಾತಕವನ್ನು ಸುಂದರಮ್ಮ ಸದ್ದಿಲ್ಲದೆ ಪೆಟ್ಟಿಗೆಗೆ ಹಾಕಿ, "ಈಗ ಬೇಡ, ಹುಡುಗಿ ಮೈ ನೆಟ್ಟಗಾಗಲಿ" ಅಂದರು. ಅದು ರಮಾಳ ಕಿವಿಗೂ ಬಿತ್ತು, ಒಳಗೊಳಗೆ ಅವಳಿಗೆ ಖುಷಿಯೇ ಆಯಿತು. ಆ ಖುಷಿಯಲ್ಲೇ ಮೇ ಕೊನೆಯಲ್ಲಿ ಮತ್ತೊಂದು ಸಲ ಸುಳ್ಳು ಹೇಳಿ ಹೊರಗೆ ಕೂತಳು.

ಮೂರನೇ ದಿನ ಸಂಜೆ ಹತ್ತನೇ ಹಾಳೆಗೆ ನೆರಳು ಹಾಕುತ್ತಿದ್ದಳು. ಗೋಡೆಯಾಚೆ ಬಾವಿಕಟ್ಟೆಯ ಹತ್ತಿರ ಅಜ್ಜಿ ಮತ್ತು ಅಮ್ಮ ಮಾತಾಡುವುದು ಕೇಳಿಸಿತು.

"ನಾಲ್ಕು ಸಲ ಆಯ್ತು ಚೆಲುವಾ. ಆರು ವಾರಕ್ಕೆ ನಾಲ್ಕು ಸಲ. ರಂಗನಾಯಕಿಗೂ ಹೀಗೇ ಶುರುವಾದದ್ದು. ಉಷ್ಣ, ಉಷ್ಣ ಅಂತ ನಾನೇ ಮಜ್ಜಿಗೆ ಕುಡಿಸ್ತಾ ಕೂತೆ. ಗಂಡನ ಮನೆಯೋರು ಹಾಸನಕ್ಕೆ ಕರ್ಕೊಂಡು ಹೋಗೋ ಹೊತ್ತಿಗೆ ಹುಡುಗಿ ಮೈಯಲ್ಲಿ ರಕ್ತವೇ ಇರಲಿಲ್ಲ."

"ಅತ್ತೆ, ಅದನ್ನೆಲ್ಲ ಈಗ ಯಾಕೆ…"

"ಹತ್ತೊಂಬತ್ತು ವರ್ಷ ಕಣೇ ಅವಳಿಗೆ. ಇವಳನ್ನೂ ಹಾಗೆ ಕಳಕೊಂಡು ನಾನು ಬದುಕಿರಲಾ?"

ಅಜ್ಜಿ ಅಳುವುದನ್ನು ರಮಾ ಅದುವರೆಗೆ ಕೇಳಿರಲಿಲ್ಲ. ಅಪ್ಪನ ತಂಗಿ, ರಂಗನಾಯಕಿ ಅನ್ನುವ ಅತ್ತೆಯೊಬ್ಬಳು ಇದ್ದಳು, ತಾನು ಹುಟ್ಟುವ ಮುಂಚೆ ತೀರಿಕೊಂಡಳು ಅನ್ನುವುದಷ್ಟೇ ಅವಳಿಗೆ ಗೊತ್ತಿತ್ತು, ಹೇಗೆಂದು ಯಾರೂ ಹೇಳಿರಲಿಲ್ಲ. ಪೆನ್ಸಿಲ್ ಕೆಳಗಿಟ್ಟಳು. ಎದ್ದು ಹೋಗಿ ಹೇಳಿಬಿಡಬೇಕು ಅನ್ನಿಸಿತು. ಹೇಳಿದರೆ ಅಪ್ಪ ಅರ್ಜಿಯನ್ನು ಒಲೆಗೆ ಹಾಕುತ್ತಾರೆ, ಇನ್ನು ಎರಡೇ ಹಾಳೆ ಬಾಕಿ, ಎಂದು ಸುಮ್ಮನಾದಳು. ಆ ಸುಮ್ಮನಿರುವಿಕೆಗೆ ಅವಳು ಮುಂದೆ ಎಷ್ಟೋ ವರ್ಷ ತನ್ನನ್ನು ಬೈದುಕೊಂಡಳು.

ಮರುದಿನ ಊಟದ ಹೊತ್ತಿಗೆ ಸುಂದರಮ್ಮ ಮಗನಿಗೆ ಹೇಳಿದರು. "ಭಾನುವಾರ ಅರಸೀಕೆರೆಗೆ ಹೋಗೋಣ. ಅಲ್ಲಿ ಲೇಡಿ ಡಾಕ್ಟರು ಇದಾರಂತೆ."

"ಹಾಸನಕ್ಕೆ ಹೋದ್ರೆ ಆಗಲ್ವಾ ಅಮ್ಮ? ದೊಡ್ಡ ಆಸ್ಪತ್ರೆ."

"ಹಾಸನದ ಹೆಸರೆತ್ತಬೇಡ. ಅರಸೀಕೆರೆಯಾದ್ರೆ ಮಾಲೇಕಲ್ಲು ಬೆಟ್ಟದ ದೇವರ ದರ್ಶನವೂ ಆಗುತ್ತೆ. ಹರಕೆ ಹೊತ್ತಿದೀನಿ, ಮೆಟ್ಟಿಲು ಮೆಟ್ಟಿಲಿಗೂ ಕೈಮುಗಿದು ಹತ್ತುತೀನಿ ಅಂತ."

"ಈ ಮಂಡಿ ಇಟ್ಕೊಂಡಾ?"

"ಮಂಡಿ ನಂದು. ನಿನಗೇನು ಕಷ್ಟ?"

ಅನಂತಸ್ವಾಮಿ ಹೂಂ ಅಂದ.

ಬಸ್ಸು ಹಳೇಬೀಡು, ಜಾವಗಲ್ ದಾಟಿ ಅರಸೀಕೆರೆ ಮುಟ್ಟುವ ಹೊತ್ತಿಗೆ ಸಂಜೆಯಾಗಿತ್ತು. ದಾರಿಯುದ್ದಕ್ಕೂ ಸುಂದರಮ್ಮ ಮೊಮ್ಮಗಳಿಗೆ ಕಿಟಕಿ ಬದಿಯ ಜಾಗ ಬಿಟ್ಟುಕೊಟ್ಟು, ಬಿಸಿಲು ಬಿದ್ದಾಗೆಲ್ಲ ತಮ್ಮ ಸೆರಗು ಅಡ್ಡ ಹಿಡಿದರು. ರಮಾ ತಲೆ ತಗ್ಗಿಸಿಯೇ ಕೂತಿದ್ದಳು. ಹುಡುಗಿ ಸೋತಿದೆ ಎಂದು ಅಜ್ಜಿ ತಿಳಿದರು. ನೆಂಟರ ಮನೆಯಲ್ಲಿ ತಂಗಿದ್ದು ಬೆಳಿಗ್ಗೆ ಜಟಕಾ ಮಾಡಿಕೊಂಡು ಬೆಟ್ಟದ ಬುಡಕ್ಕೆ ಬಂದರು. ಡಾಕ್ಟರು ಹನ್ನೊಂದಕ್ಕೆ ಬರಹೇಳಿದ್ದರು. ಅರ್ಚಕರನ್ನು ಹಿಡಿಯಬೇಕೆಂದು ಅನಂತಸ್ವಾಮಿ ಹಣ್ಣುಕಾಯಿ ತಟ್ಟೆ ಹಿಡಿದು ಮುಂದೆ ಹತ್ತಿಹೋದ.

ಸುಂದರಮ್ಮ ಮೊದಲ ಮೆಟ್ಟಿಲಿಗೆ ಬಗ್ಗಿ, ಕೈಯಿಂದ ಮುಟ್ಟಿ, ಕಣ್ಣಿಗೊತ್ತಿಕೊಂಡು ಏರಿದರು. ಎರಡನೆಯದಕ್ಕೂ ಹಾಗೆಯೇ. ಅರವತ್ತೆಂಟರ ಹೆಂಗಸು, ಬಲಮಂಡಿ ಊದಿಕೊಂಡಿತ್ತು. ಇಪ್ಪತ್ತನೇ ಮೆಟ್ಟಿಲಿಗೆ ಉಸಿರು ಸದ್ದು ಮಾಡತೊಡಗಿತು. ಮೂವತ್ತು ದಾಟಿದ ಮೇಲೆ ಬಗ್ಗಿದಾಗೆಲ್ಲ "ಅಮ್ಮಾ" ಅನ್ನುತ್ತಿದ್ದರು. ಮೇಲೆ ನೋಡಿದರೆ ಮೆಟ್ಟಿಲುಗಳಿಗೆ ಕೊನೆಯೇ ಕಾಣುತ್ತಿರಲಿಲ್ಲ.

"ಅಜ್ಜಿ, ಸಾಕು. ಕೂತ್ಕೊಳಿ."

"ಹರಕೆ ಕಣೇ. ನಡುವೆ ಕೂರೋ ಹಾಗಿಲ್ಲ."

"ನನಗೇನೂ ಆಗಿಲ್ಲ ಅಜ್ಜಿ."

"ಆಗಿಲ್ಲ, ಆಗೋದೂ ಇಲ್ಲ. ಅವನು ನೋಡ್ಕೋತಾನೆ." ಮತ್ತೆ ಬಗ್ಗಿದರು.

ರಮಾ ಮುಂದೆ ಬಂದು ಆ ಮೆಟ್ಟಿಲ ಮೇಲೆ ಕೂತುಬಿಟ್ಟಳು. "ಹಾಗಲ್ಲ ಅಜ್ಜಿ. ನಾನು ಸುಳ್ಳು ಹೇಳಿದೆ. ನಾಲ್ಕರಲ್ಲಿ ಎರಡು ಸಲ ಸುಳ್ಳು. ಚಿತ್ರ ಬರೆಯೋಕೆ ಹೊತ್ತು ಸಿಗಲಿ ಅಂತ ಹೊರಗೆ ಕೂತೆ."

ಸುಂದರಮ್ಮ ಬಗ್ಗಿದವರು ಬಗ್ಗಿದಂತೆಯೇ ಅವಳ ಮುಖ ನೋಡಿದರು.

"ಏನಂದೆ?"

ಇನ್ನೊಂದು ಸಲ ಹೇಳಿದಳು. ಈ ಸಲ ಅಳುತ್ತಾ ಹೇಳಿದಳು.

"ಯಾವ ಎರಡು?"

"ಉಪ್ಪಿನಕಾಯಿ ಹಾಕಿ ಆದ ಮೇಲಿಂದು. ಮತ್ತೆ ಮೊನ್ನೇದು."

ಸುಂದರಮ್ಮ ನಿಧಾನವಾಗಿ ಪಕ್ಕದಲ್ಲಿ ಕೂತರು. ಹರಕೆಯ ನಡುವೆ ಕೂರುವಂತಿಲ್ಲ ಅನ್ನುವುದು ಮರೆತೇ ಹೋಯಿತು. ಬೆರಳು ಮಡಿಸಿದರು, ಬಿಚ್ಚಿದರು, ಮತ್ತೆ ಮಡಿಸಿದರು. "ಅಂದ್ರೆ ಉದ್ದಿನ ಹಪ್ಪಳದ ವಾರದ್ದು ನಿಜ. ಹುಚ್ಚಮ್ಮ ಬಂದಾಗಿಂದು ನಿಜ. ಎರಡರ ಮಧ್ಯೆ… ಇಪ್ಪತ್ತೆಂಟು ದಿನ." "ನನ್ನಾಣೆ ಹೇಳು. ನಿನಗೇನೂ ಆಗಿಲ್ವಾ?"

"ಏನೂ ಆಗಿಲ್ಲ ಅಜ್ಜಿ. ನಿಮ್ಮಾಣೆ."

"ಮತ್ತೆ ಹುಚ್ಚಮ್ಮನ ಕಷಾಯ ಕುಡಿದೆಯಲ್ಲೇ? ಹದಿನೈದು ದಿನ?"

"ಕುಡಿದೆ."

"ಸುಮ್ಮಸುಮ್ಮನೆ?"

"ಸುಮ್ಮಸುಮ್ಮನೆ."

ಸುಂದರಮ್ಮ ಅವಳ ತಲೆಗೆ ಒಂದು ಬಲವಾಗಿ ಮೊಟಕಿದರು. ಆಮೇಲೆ ಅದೇ ತಲೆಯನ್ನು ಎದೆಗೆ ಒತ್ತಿಕೊಂಡು ನಕ್ಕರು, ನಗುತ್ತಾ ನಗುತ್ತಾ ಅತ್ತರು. ಮೇಲಿನಿಂದ ಇಳಿಯುತ್ತಿದ್ದ ಯಾರೋ ಗೌಡರು ಹೆಂಗಸರಿಗೆ ಏನಾಯಿತೋ ಎಂದು ನಿಂತು ನೋಡಿ ಮುಂದೆ ಹೋದರು. ಒಂದು ತಿಂಗಳಿನಿಂದ ಎದೆಯ ಮೇಲೆ ಕೂತಿದ್ದ ಭಾರ ಇಳಿದದ್ದು ಆ ಮುಖದಲ್ಲೇ ಕಾಣುತ್ತಿತ್ತು. ಸ್ವಲ್ಪ ಹೊತ್ತಿಗೆ ಮೂಗು ಒರೆಸಿಕೊಂಡು, ಮಂಡಿ ಹಿಡಿದು ಎದ್ದರು. ಮುಂದಿನ ಮೆಟ್ಟಿಲಿಗೆ ಬಗ್ಗಿದರು.

"ಇನ್ನು ಯಾಕೆ ಅಜ್ಜಿ?"

"ನೀನು ನೆಟ್ಟಗಿರಲಿ ಅಂತ ಹರಕೆ ಹೊತ್ತೆ. ನೆಟ್ಟಗಿದೀಯಲ್ಲ! ಕೇಳಿದ್ದು ಕೊಟ್ಟ ಮೇಲೆ ಕೈಯೆತ್ತಿಬಿಡ್ಲಾ? ಕೈ ಹಿಡಿ, ನಡಿ."

ಮೇಲೆ ಮುಟ್ಟುವ ಹೊತ್ತಿಗೆ ಒಂಬತ್ತೂವರೆ. ಅನಂತಸ್ವಾಮಿ ತಟ್ಟೆ ಹಿಡಿದು ನಿಂತೇ ಇದ್ದ. "ಬೇಗ ಮಂಗಳಾರತಿ ತಗೊಳ್ಳಿ, ಡಾಕ್ಟರ ಹತ್ರ ಹೋಗಬೇಕು."

"ಡಾಕ್ಟರು ಬೇಡ. ನಿನ್ನ ಮಗಳಿಗೆ ರೋಗ ಇಲ್ಲ," ಎಂದು ಸುಂದರಮ್ಮ ನಡೆದದ್ದನ್ನೆಲ್ಲ ಹೇಳಿದರು.

ಅನಂತಸ್ವಾಮಿಗೆ ಮೊದಲು ಅರ್ಥವಾಗಲಿಲ್ಲ, ಅರ್ಥವಾದಾಗ ನಾಚಿಕೆಯಾಯಿತು, ಆಮೇಲೆ ಸಿಟ್ಟು ಬಂತು. "ಇಷ್ಟು ಜನಕ್ಕೆ ಮಂಕುಬೂದಿ ಎರಚಿದಳಾ ಇವಳು! ಇಂಥವಳಿಗೆ ಮೈಸೂರು ಬೇರೆ. ಸಹಿಯೂ ಇಲ್ಲ, ಚಿತ್ರವೂ ಇಲ್ಲ. ಇವತ್ತಿಗೇ ಮುಗೀತು."

"ಮೆಲ್ಲಗೆ ಮಾತಾಡೋ, ದೇವಸ್ಥಾನ."

"ಸುಳ್ಳು ಹೇಳಿದ್ದು ಸರಿಯೇನಮ್ಮ?"

"ತಪ್ಪು. ತಪ್ಪಿಗೆ ಹದಿನೈದು ದಿನ ಕಷಾಯ ಕುಡಿದಿದಾಳೆ, ನೀನು ಒಂದು ಗುಟುಕು ಕುಡಿದು ನೋಡು. ಮನೆ ಕೆಲಸಕ್ಕೆ ಕುಂದು ಬರಬಾರದು ಅಂದವನು ಯಾರು? ನೀನು. ಇವಳನ್ನ ಹೊತ್ತಿಗೆ ಹತ್ತು ಸಲ ಕೂಗಿದವಳು ಯಾರು? ನಾನು. ಇನ್ನೆಲ್ಲಿ ಕೂತು ಬರೀಬೇಕಾಗಿತ್ತು?" ಸುಂದರಮ್ಮ ಕಂಬಕ್ಕೆ ಒರಗಿ ಮಂಡಿ ಒತ್ತಿಕೊಂಡರು. "ಮೂವತ್ತು ವರ್ಷ ತಿಂಗಳು ತಿಂಗಳೂ ನಾನು ಆ ಕೋಣೇಲಿ ಕೂತಿದೀನಿ. ಆ ಮೂರು ದಿನ ಬಿಟ್ರೆ ಹಗಲು ಹೊತ್ತು ನಾನು ಆ ಮನೇಲಿ ಕೂತದ್ದು ನೆನಪಿಲ್ಲ ಕಣೋ. ಇನ್ನೂ ಎರಡು ದಿನ ಇದ್ದಿದ್ರೆ ಅಂತ ನನಗೂ ಅನ್ನಿಸ್ತಿತ್ತು. ಹೇಳೋ ಧೈರ್ಯ ಇರ್ಲಿಲ್ಲ."

ಅಮ್ಮ ಹೀಗೆ ಮಾತಾಡಿದ್ದನ್ನು ಅನಂತಸ್ವಾಮಿ ಕೇಳಿದವನಲ್ಲ. ಹೂಂ ಅನ್ನಲಿಲ್ಲ, ಉಹೂಂ ಅಂತಲೂ ಅನ್ನಲಿಲ್ಲ. ಮಗಳ ಜೊತೆ ಮಾತು ಬಿಟ್ಟ.

ಬೇಲೂರಿಗೆ ಬಂದ ಮೇಲೆ ಚೆಲುವಾಂಬ ಎಲ್ಲ ಕೇಳಿ ಹಣೆ ಹಣೆ ಬಡಿದುಕೊಂಡಳು. "ಸುಳ್ಳಿನ ಮೊದಲನೇ ಸಲವೇ ನನಗೆ ಅನುಮಾನ ಇತ್ತು. ಕೊಟ್ಟಿಗೆ ಹಿಂದಿನ ಹಗ್ಗದ ಮೇಲೆ ಒಂದು ಬಟ್ಟೆಯೂ ಒಣಗಲಿಲ್ಲ. ಹೋಗಲಿ, ಮೂರು ದಿನ ಕೂತ್ಕೊಳ್ಳಲಿ ಪಾಪ ಅಂತ ಸುಮ್ಮನಾದೆ. ಆಮೇಲೆ ನಿಜವಾಗಿಯೇ ಬಂತಲ್ಲ, ಆಗ ನನಗೂ ಕೈಕಾಲು ಬಿದ್ದುಹೋಯ್ತು."

"ನೀನೂ ಕಳ್ಳಿಯೇ," ಅಂದರು ಸುಂದರಮ್ಮ.

ಆ ದಿನದಿಂದ ಸುಂದರಮ್ಮನ ಅಪ್ಪಣೆಯ ಮೇಲೆ ಹೊಸ ಏರ್ಪಾಡಾಯಿತು. ಮಧ್ಯಾಹ್ನದ ಊಟ ಮುಗಿದ ಮೇಲೆ ದೀಪ ಹಚ್ಚುವವರೆಗೆ ರಮಾ ನಡುಮನೆಯ ಕಿಟಕಿಯ ಹತ್ತಿರ ಕೂತು ಬರೆಯುವುದು. ಎಲ್ಲರಿಗೂ ಕಾಣುವ ಹಾಗೆ. ಅವಳ ಪಾಲಿನ ಪಾತ್ರೆ ಚೆಲುವಾಂಬ ಬೆಳಗಿದಳು, ತರಕಾರಿ ಸುಂದರಮ್ಮ ಹೆಚ್ಚಿದರು. ನೆಂಟರು ರಜ ಮುಗಿಸಿ ಹೊರಟದ್ದೂ ಒಳ್ಳೆಯದೇ ಆಯಿತು. ಹನ್ನೊಂದನೇ ಹಾಳೆಯಲ್ಲಿ ಚೆಲುವಾಂಬ ಮೊರದ ಪಕ್ಕ ತೂಕಡಿಸುತ್ತಿದ್ದಳು. ಹನ್ನೆರಡನೆಯದಕ್ಕೆ ಅಜ್ಜಿಯನ್ನು ಬರೆಯುತ್ತೇನೆ ಅಂದಾಗ ಸುಂದರಮ್ಮ ನಾಚಿದರು, ಬೈದರು, ಕೊನೆಗೆ ಮಣೆ ಹಾಕಿಕೊಂಡು ಕೂತರು.

"ಕೈ ಅಲ್ಲಾಡಿಸಬೇಡಿ ಅಜ್ಜಿ."

"ಸುಮ್ಮನೆ ಕೂರೋಕೆ ಬರಲ್ಲ ಕಣೇ ನನಗೆ. ಒಂದಷ್ಟು ಹುಣಿಸೆಹಣ್ಣಾದ್ರೂ ಕೊಡು, ಬೀಜ ತೆಗೀತೀನಿ."

ಮೈಸೂರಿನ ಸೀಟು ಸಿಕ್ಕಿತೋ ಇಲ್ಲವೋ ಎಂದು ಓದುವವರನ್ನು ಕಾಯಿಸುವುದು ನನಗೆ ಇಷ್ಟವಿಲ್ಲ. ಸಿಕ್ಕಿತು. ಜುಲೈ ಮೊದಲ ವಾರ ಕಾಗದ ಬಂತು. ಆದರೆ ಆ ಮನೆಯವರು ಇವತ್ತಿಗೂ ಹೇಳಿಕೊಳ್ಳುವುದು ಸೀಟಿನ ವಿಷಯವಲ್ಲ, ಹಾಳೆಗಳು ಅಂಚೆಗೆ ಹೋದ ದಿನದ ವಿಷಯ.

ಜೂನ್ ಹನ್ನೆರಡಕ್ಕೆ ಅಂಚೆಗೆ ಹಾಕಿದರೆ ಮಾತ್ರ ಹೊತ್ತಿಗೆ ಮುಟ್ಟುತ್ತಿತ್ತು. ಹನ್ನೊಂದರ ಬೆಳಿಗ್ಗೆ ಅಜ್ಜಿಯ ಚಿತ್ರ ಇನ್ನೂ ಅರ್ಧ ಬಾಕಿಯಿದ್ದಾಗ ರಮಾ ಹಿತ್ತಿಲ ಬಾಗಿಲ ಆಚೆ ಹೋಗಿ ನಿಂತಳು. ಮುಖ ಬಿಳುಚಿತ್ತು.

"ಅಜ್ಜಿ, ನಾನು ಹೊರಗೆ."

ಅಡಿಗೆಮನೆಯಲ್ಲಿ ಚೆಲುವಾಂಬ ತಿರುಗಿ ನೋಡಿದಳು. ಸಂಧ್ಯಾವಂದನೆ ಮುಗಿಸಿ ಏಳುತ್ತಿದ್ದ ಅನಂತಸ್ವಾಮಿ, "ಮತ್ತೆ ಶುರುವಾಯ್ತಾ?" ಅಂದ. ಅರಸೀಕೆರೆಯಿಂದ ಬಂದ ಮೇಲೆ ಅವಳ ವಿಷಯದಲ್ಲಿ ಅವನಾಡಿದ ಮೊದಲ ಮಾತು ಅದು.

"ನಿಜವಾಗಿಯೂ ಅಪ್ಪ," ಅಂದಳು ರಮಾ. ಕಣ್ಣಲ್ಲಿ ನೀರು ಬಂತು. ನಿಜ ಹೇಳಿದಾಗ ನಂಬುವವರಿಲ್ಲ ಅನ್ನುವುದು ಅವಳಿಗೆ ಆಗ ತಿಳಿಯಿತು.

ಸುಂದರಮ್ಮ ಬೆರಳು ಮಡಿಸುತ್ತಾ ಹೋದರು. ಮಡಿಸಿ ಮುಗಿದಾಗ ಮುಖ ಅರಳಿತು.

"ಇಪ್ಪತ್ತೊಂಬತ್ತು! ನಿಜವೇ ಕಣೋ. ಗಡಿಯಾರದ ಹಾಗಿದೆ ಮೈ. ರಂಗನಾಥಾ, ಕಾಪಾಡಿದೆಯಪ್ಪ!" ಎಂದು ಅಲ್ಲಿಂದಲೇ ದೇವರಕೋಣೆಯ ಕಡೆ ಕೈಮುಗಿದರು. ಆ ಮನೆಯಲ್ಲಿ ಹೆಣ್ಣುಮಗಳು ಹೊರಗಾದದ್ದಕ್ಕೆ ಯಾರಾದರೂ ಕೈಮುಗಿದದ್ದು ಅದೇ ಮೊದಲು.

"ಚಿತ್ರ ಅಜ್ಜಿ?"

"ಚಿತ್ರಕ್ಕೇನು? ನೀನು ಕೋಣೆ ಬಾಗಿಲಲ್ಲಿ ಕೂತ್ಕೋ. ನಾನು ಇಲ್ಲಿ ಬಾವಿಕಟ್ಟೆ ಹತ್ರ ಕೂರ್ತೀನಿ. ಮುಟ್ಟದೆ ಬರಿ."

ಮಂಡಿ ಚಾಚಿಕೊಂಡು ಹಿತ್ತಲಲ್ಲಿ ಕೂತರು. ಆ ಹಗಲೆಲ್ಲ ಕೂತರು, ಮರುದಿನ ಬೆಳಿಗ್ಗೆ ಒಂದು ಗಂಟೆ ಕೂತರು. ಹುಣಿಸೆಹಣ್ಣು ಕೇಳಲಿಲ್ಲ.

ಹನ್ನೆರಡರ ಬೆಳಿಗ್ಗೆ ಅನಂತಸ್ವಾಮಿ ಸ್ನಾನ ಮಾಡಿ, ನಾಮ ಹಾಕಿಕೊಂಡು, ಕಚೇರಿಗೆ ಹೊರಡಲು ಪಂಚೆ ಸರಿಪಡಿಸಿಕೊಳ್ಳುತ್ತಿದ್ದ. ಪಂಚಾಂಗದ ಕೆಳಗಿಂದ ಫಾರಂ ತಾನೇ ತೆಗೆದುಕೊಂಡು ಹಿತ್ತಿಲ ಬಾಗಿಲಿಗೆ ಬಂದ.

"ಹನ್ನೆರಡೂ ಆಯ್ತಾ?"

"ಆಯ್ತಪ್ಪ." ರಮಾ ಸುರುಳಿಯನ್ನು ನೆಲದ ಮೇಲಿಡಲು ಬಗ್ಗಿದಳು. ಚೆಲುವಾಂಬ ಚಿಮುಕಿಸಲು ನೀರು ಹಿಡಿದು ನಿಂತಿದ್ದಳು. ನೆಲಕ್ಕಿಟ್ಟದ್ದರ ಮೇಲೆ ನೀರು ಹಾಕಿಯೇ ಎತ್ತಿಕೊಳ್ಳುವುದು ಪದ್ಧತಿ.

"ಹಾಳೆ ಮೇಲೆ ನೀರು ಹಾಕ್ತಾರೇನೇ?" ಅಂದ ಅನಂತಸ್ವಾಮಿ. ಹೆಂಡತಿಗೆ ಹೇಳಿದನೋ ತನಗೇ ಹೇಳಿಕೊಂಡನೋ. ಹೊಸಿಲು ದಾಟಿ ಹೋಗಿ ಮಗಳ ಮುಂದೆ ನಿಂತು ಕೈಚಾಚಿದ. "ಇತ್ತ ಕೊಡು."

ರಮಾ ಅಜ್ಜಿಯ ಮುಖ ನೋಡಿದಳು. ಸುಂದರಮ್ಮ ಬೇರೆ ಕಡೆ ನೋಡುತ್ತಿದ್ದರು.

"ಸ್ನಾನ ಆಗಿದೆಯಲ್ಲ ಅಪ್ಪ ನಿಮಗೆ."

"ಇನ್ನೊಂದ್ಸಲ ಮಾಡಿದ್ರಾಯ್ತು. ಕೊಡಮ್ಮ."

ಅವಳ ಕೈಯಿಂದ ಕೈಗೇ ತೆಗೆದುಕೊಂಡ. ಬಾವಿಕಟ್ಟೆಯ ಮೇಲೆ ಬಿಚ್ಚಿ ಒಂದೊಂದಾಗಿ ಎಣಿಸಿದ. ಕೊನೆಯದರ ಹತ್ತಿರ ಅವನ ಕೈ ನಿಂತಿತು. ಬೆಳ್ಳಗಿನ ಹಾಳೆಯಲ್ಲಿ ಅವನ ಅಮ್ಮ ಕಾಲು ಚಾಚಿ, ಎರಡೂ ಕೈ ಮಡಿಲಲ್ಲಿಟ್ಟುಕೊಂಡು, ಯಾವ ಕೆಲಸವೂ ಇಲ್ಲದೆ ಕೂತಿದ್ದರು. ಬಹಳ ಹೊತ್ತು ನೋಡಿದ. ಆಮೇಲೆ ಪೆನ್ನು ತೆಗೆದು, ಕಚೇರಿಯ ಕಾಗದಕ್ಕೆ ಹಾಕುವಷ್ಟೇ ದೊಡ್ಡದಾಗಿ, ಫಾರಂಗೆ ಸಹಿ ಹಾಕಿದ.

ಅಂಚೆಕಚೇರಿಯಿಂದ ವಾಪಸು ಬಂದಾಗ ಹನ್ನೊಂದು ಗಂಟೆ. ಇಪ್ಪತ್ತೆರಡು ವರ್ಷದ ನೌಕರಿಯಲ್ಲಿ ಅವನು ಕಚೇರಿಗೆ ತಡವಾಗಿ ಹೋದದ್ದು ಆ ದಿನ ಮಾತ್ರ. ಬಚ್ಚಲಲ್ಲಿ ನೀರು ಬೀಳುವ ಸದ್ದು ರಮಾಳ ಕೋಣೆಗೆ ಕೇಳಿಸಿತು. ಅವಳು ಮಂಡಿಗೆ ಮುಖ ಒತ್ತಿಕೊಂಡು ಕೂತಿದ್ದಳು. ಎರಡು ತಿಂಗಳಲ್ಲಿ ಮೊದಲ ಸಲ ಮಾಡಲು ಏನೂ ಬಾಕಿ ಇರಲಿಲ್ಲ, ಮುಚ್ಚಿಡಲೂ ಏನೂ ಇರಲಿಲ್ಲ. ಹಗುರವಾಗಿ ಅಳು ಬಂತು, ಅತ್ತಳು. ನೀರಿನ ಸದ್ದು ನಿಂತ ಮೇಲೆ ಗೋಡೆಯಾಚೆಯಿಂದ ಅನಂತಸ್ವಾಮಿಯ ದನಿ ಬಂತು.

"ರಮಾ, ರಿಜಿಸ್ಟರ್ ಮಾಡಿಸಿದೀನಿ. ರಸೀದಿ ನಡುಮನೆ ಗೂಡಿನಲ್ಲಿದೆ. ನಾಲ್ಕನೇ ದಿನ ಸ್ನಾನ ಮಾಡಿ ತಗೋ."